ನಾಯಕಿ: ಒಂದು ಪದದ ಎರಡು ಅರ್ಥ

ಕನ್ನಡದಲ್ಲಿ ‘ನಾಯಕ’ ಎಂಬ ಒಂದೇ ಪದ ಎರಡು ಕಡೆ ದುಡಿಯುತ್ತದೆ. ಪೋಸ್ಟರಿನಲ್ಲಿ ಕತ್ತಿ ಹಿಡಿದು ನಿಂತವನೂ ನಾಯಕ, ವೇದಿಕೆಯ ಮೇಲೆ ಮೈಕು ಹಿಡಿದು ನಿಂತವನೂ ನಾಯಕ. ‘ನಾಯಕಿ’ ಎಂದ ಕೂಡಲೇ ಈ ಎರಡು ಅರ್ಥಗಳು ಒಂದಕ್ಕೊಂದು ಬೆನ್ನು ಹಾಕುತ್ತವೆ. ಇದು ಇಂದಿನ ಗಾಂಧಿನಗರದ ತಪ್ಪಲ್ಲ, ಹಳೆಯ ಕಥೆ. ನಮ್ಮ ಅಲಂಕಾರಶಾಸ್ತ್ರ ನಾಯಕನನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ಅವನ ಸ್ವಭಾವದಿಂದ ವಿಂಗಡಿಸಿತು. ನಾಯಿಕೆಯನ್ನು, ಅಂದರೆ ಕಾವ್ಯದ ನಾಯಕಿಯನ್ನು, ವಿಂಗಡಿಸುವಾಗ ಅಳತೆಗೋಲು ಬದಲಾಯಿತು. ಸಿಂಗರಿಸಿಕೊಂಡು ಕಾಯುವವಳು ವಾಸಕಸಜ್ಜಿಕೆ, ನಲ್ಲನ ಮೇಲೆ ಮುನಿದವಳು ಖಂಡಿತೆ, ಇರುಳಲ್ಲಿ ಅವನನ್ನು ಹುಡುಕಿ ಹೊರಟವಳು ಅಭಿಸಾರಿಕೆ. ಎಂಟು ಬಗೆಯ ನಾಯಿಕೆಯರೂ ಒಬ್ಬ ಗಂಡಿನಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದರ ಮೇಲೆ ಎಂಟಾದವರು. ಈ ಉಪನ್ಯಾಸದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಇಲ್ಲಿಂದಲೇ ಹುಟ್ಟಿದ್ದು. ತಮಿಳು ತೆರೆಯ ಅಂಥ ಒಬ್ಬ ನಾಯಿಕೆ, ಜೆ. ಜಯಲಲಿತಾ, ತಮಿಳುನಾಡಿನ ನಾಯಕಿಯಾದದ್ದು ಹೇಗೆ?

ಸಿನಿಮಾದಿಂದ ಎಂಬುದು ಸಿದ್ಧ ಉತ್ತರ. ತಮಿಳರು ಸಿನಿಮಾ ಹುಚ್ಚರು, ತೆರೆಯ ಮೇಲೆ ಕಂಡವರಿಗೆ ಓಟು ಹಾಕುತ್ತಾರೆ ಎಂದು ನಾವು ಬೆಂಗಳೂರಿನಲ್ಲಿ ಕೂತು ಸಲೀಸಾಗಿ ಹೇಳಿಬಿಡುತ್ತೇವೆ. ನನ್ನ ವಾದ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ತೆರೆಯಿಂದ ಮುಖ್ಯಮಂತ್ರಿಯ ಕುರ್ಚಿಗೆ ಏರಿದ ಎಂ.ಜಿ. ರಾಮಚಂದ್ರನ್ (ಎಂಜಿಆರ್) ಅವರಿಗೆ ಸಿನಿಮಾ ಬಂಡವಾಳವಾಗಿತ್ತು. ಜಯಲಲಿತಾ ಅವರಿಗೆ ಅದೇ ಸಿನಿಮಾ ಸಾಲವಾಗಿತ್ತು. ಅವರ ರಾಜಕೀಯ ಜೀವನದ ಬಹುಪಾಲು ಆ ಸಾಲ ತೀರಿಸುವುದರಲ್ಲಿ ಕಳೆಯಿತು, ಪೂರ್ತಿ ತೀರಲೂ ಇಲ್ಲ.

ಮೊದಲು ಗಂಡಸರ ಲೆಕ್ಕ ನೋಡೋಣ. ದ್ರಾವಿಡ ಚಳವಳಿ ಸಿನಿಮಾವನ್ನು ಪ್ರಚಾರದ ಯಂತ್ರವಾಗಿ ಬಳಸಿದ್ದು ಗೊತ್ತಿರುವ ಸಂಗತಿ. 1949ರಲ್ಲಿ ಅಣ್ಣಾದುರೈ ಅವರ ‘ವೇಲೈಕ್ಕಾರಿ’, 1952ರಲ್ಲಿ ಕರುಣಾನಿಧಿ ಸಂಭಾಷಣೆ ಬರೆದ ‘ಪರಾಶಕ್ತಿ’ ಬಂದವು. ಇವುಗಳಲ್ಲಿ ರಾಜಕೀಯ ಇದ್ದದ್ದು ಮಾತಿನಲ್ಲಿ. ಎಂಜಿಆರ್ ಅದನ್ನು ಮಾತಿನಿಂದ ಮೈಗೆ ಇಳಿಸಿದರು. ರೈತ, ಮೀನುಗಾರ, ದನಗಾಹಿ, ರಿಕ್ಷಾ ಎಳೆಯುವವ ಹೀಗೆ ಅವರ ಪಾತ್ರಗಳು ಹೆಚ್ಚಾಗಿ ದುಡಿಯುವವರು. ಹೆಂಡ ಮುಟ್ಟುವುದಿಲ್ಲ, ತಾಯಿಯ ಮಾತು ಮೀರುವುದಿಲ್ಲ, ಕೊನೆಗೆ ದಣಿಯ ಕೈಯಿಂದ ಚಾಟಿ ಕಿತ್ತುಕೊಳ್ಳುತ್ತಾರೆ. ಎಂ.ಎಸ್.ಎಸ್. ಪಾಂಡಿಯನ್ ‘ದಿ ಇಮೇಜ್ ಟ್ರ್ಯಾಪ್’ ಪುಸ್ತಕದಲ್ಲಿ ತೋರಿಸಿದ ಹಾಗೆ, ಈ ಬಿಂಬವನ್ನು ಕಟ್ಟಿದ್ದು ಆಕಸ್ಮಿಕವಾಗಿ ಅಲ್ಲ. ಪಾತ್ರದ ಆಯ್ಕೆ, ಹಾಡು, ಅಭಿಮಾನಿ ಸಂಘ ಎಲ್ಲದರ ಹಿಂದೆ ಲೆಕ್ಕಾಚಾರವಿತ್ತು. 1967ರ ಜನವರಿಯಲ್ಲಿ ಸಹನಟ ಎಂ.ಆರ್. ರಾಧಾ ಹಾರಿಸಿದ ಗುಂಡು ಅವರ ಕುತ್ತಿಗೆಗೆ ತಗುಲಿದಾಗ, ಬ್ಯಾಂಡೇಜು ಸುತ್ತಿದ ಅವರ ಫೋಟೋವೇ ಚುನಾವಣಾ ಪೋಸ್ಟರಾಯಿತು. ತೆರೆಯ ಮೇಲೆ ಗಾಯಗೊಂಡು ಎದ್ದುಬರುವ ನಾಯಕನಿಗೂ ಆಸ್ಪತ್ರೆಯಲ್ಲಿ ಮಲಗಿದ ಅಭ್ಯರ್ಥಿಗೂ ನಡುವೆ ಗೆರೆ ಉಳಿಯಲಿಲ್ಲ. ಆಂಧ್ರದಲ್ಲಿ ರಾಮನೂ ಕೃಷ್ಣನೂ ಆಗಿದ್ದ ಎನ್‌ಟಿಆರ್ 1983ರಲ್ಲಿ ಮುಖ್ಯಮಂತ್ರಿಯಾದಾಗ ಅದೇ ಸೂತ್ರ ತೆಲುಗಿನಲ್ಲಿ ಮರಳಿತು.

ಈಗ ನಾಯಿಕೆಯ ಲೆಕ್ಕ. 1948ರ ಫೆಬ್ರವರಿ 24ರಂದು ಮೇಲುಕೋಟೆಯಲ್ಲಿ ಹುಟ್ಟಿದ, ಮೈಸೂರು ಅರಮನೆಯ ವೈದ್ಯರ ಮನೆತನದ ಈ ಹುಡುಗಿ ಮೊದಲು ನಾಯಕಿಯಾಗಿ ಕಾಣಿಸಿಕೊಂಡದ್ದು 1964ರ ಕನ್ನಡ ಚಿತ್ರ ‘ಚಿನ್ನದ ಗೊಂಬೆ’ಯಲ್ಲಿ. ನಿರ್ದೇಶಕರು ಬಿ.ಆರ್. ಪಂತುಲು. ಮರುವರ್ಷ ಶ್ರೀಧರ್ ಅವರ ‘ವೆಣ್ಣಿರ ಆಡೈ’ ತಮಿಳಿನ ಬಾಗಿಲು ತೆರೆಯಿತು. ಅದೇ ವರ್ಷ ಪಂತುಲು ಅವರೇ ‘ಆಯಿರತ್ತಿಲ್ ಒರುವನ್’ ಚಿತ್ರದಲ್ಲಿ ಅವರನ್ನು ಎಂಜಿಆರ್ ಎದುರು ನಿಲ್ಲಿಸಿದರು. ಅಲ್ಲಿ ನಾಯಕ ಗುಲಾಮರನ್ನು ಬಿಡಿಸುವ ವೈದ್ಯ, ನಾಯಕಿ ಅವನನ್ನು ಪ್ರೀತಿಸುವ ರಾಜಕುಮಾರಿ. ಚಿತ್ರದಲ್ಲಿ ರಾಜಕೀಯವೆಲ್ಲ ಅವನ ಪಾಲು, ಸಿಂಗಾರವೆಲ್ಲ ಇವಳ ಪಾಲು. ಇಬ್ಬರೂ ಒಟ್ಟಿಗೆ ನಟಿಸಿದ ಚಿತ್ರಗಳು 28. ಕೊನೆಯದು 1973ರ ‘ಪಟ್ಟಿಕ್ಕಾಟ್ಟು ಪೊನ್ನಯ್ಯ’. ಈ ಹಂಚಿಕೆ ಆ ಸಾಲಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ.

ಒಂದು ಚಿತ್ರದ ಹತ್ತಿರ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. 1969ರ ‘ಅಡಿಮೈ ಪೆಣ್’, ಎಂದರೆ ಗುಲಾಮ ಹೆಣ್ಣು. ಇದರಲ್ಲಿ ನಾಯಕ ಎಳವೆಯಿಂದ ಇಕ್ಕಟ್ಟಾದ ಸೆರೆಯಲ್ಲಿ ಬೆಳೆದವನು. ಬೆನ್ನು ಬಾಗಿಹೋಗಿದೆ. ನೆಟ್ಟಗೆ ನಿಲ್ಲಲು ಬಾರದು, ಮಾತು ಬಾರದು, ಅನ್ನ ಉಣ್ಣಲೂ ಬಾರದು. ಅವನನ್ನು ಮನುಷ್ಯನನ್ನಾಗಿ ಮಾಡುವವಳು ಜಯಲಲಿತಾ ಮಾಡಿದ ಜೀವಾ ಎಂಬ ಪಾತ್ರ. ನಡೆಯಲು ಕಲಿಸುತ್ತಾಳೆ, ನುಡಿಯಲು ಕಲಿಸುತ್ತಾಳೆ, ಕಾದಲು ಅಣಿಗೊಳಿಸುತ್ತಾಳೆ. ಅಭಿಮಾನಿಗಳು ‘ವಾದ್ಯಾರ್’, ಅಂದರೆ ಮೇಷ್ಟ್ರು, ಎಂದು ಕರೆಯುತ್ತಿದ್ದ ಎಂಜಿಆರ್‌ಗೆ ತೆರೆಯ ಮೇಲೆ ಅಕ್ಷರ ಕಲಿಸಿದ ಮೇಷ್ಟ್ರು ಇವರು! ಆದರೆ ಕಲಿಸಿ ಮುಗಿದ ಮೇಲೆ ರಾಜ್ಯ ಅವನದು, ಯುದ್ಧ ಅವನದು. ಬಿಡಿಸಬೇಕಾದದ್ದು ಅವನ ತಾಯಿಯನ್ನು. ಆ ತಾಯಿಯ ಪಾತ್ರ ನಮ್ಮ ಪಂಡರೀಬಾಯಿ ಅವರದು. ಕಲಿಸಿದವಳು ಮತ್ತೆ ಅವನ ಮಗ್ಗುಲಿಗೆ ಸರಿಯುತ್ತಾಳೆ. ತಾಯಿಯ ಮಹಿಮೆಯನ್ನು ಕುರಿತ ಒಂದು ಹಾಡು ಈ ಚಿತ್ರದಲ್ಲಿದೆ. ಜಯಲಲಿತಾ ಅದನ್ನು ಸ್ವಂತ ಕಂಠದಲ್ಲಿ ಹಾಡಿದ್ದಾರೆ. ತಮಿಳು ಚಿತ್ರದೊಳಗೆ ಹೆಣ್ಣಿಗೆ ಅಧಿಕಾರವಿದ್ದ ಜಾಗ ಯಾವುದು ಎಂದರೆ ಅದು ಆ ಹಾಡಿನಲ್ಲಿತ್ತು, ನಾಯಕಿಯಲ್ಲಿರಲಿಲ್ಲ. ನಾಯಕ ತಲೆಬಾಗುತ್ತಿದ್ದದ್ದು ತಾಯಿಗೆ ಮಾತ್ರ.

ಆಳುವ ಹೆಣ್ಣಿನ ಪಾತ್ರ ನಮ್ಮ ಸಿನಿಮಾದಲ್ಲಿ ಇರಲೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು. ಇದೇ ಪಂತುಲು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಮಾಡಿದ್ದರು. ಕುದುರೆ ಏರಿ ಬ್ರಿಟಿಷರಿಗೆ ಎದುರಾದ ರಾಣಿಯಾಗಿ ಬಿ. ಸರೋಜಾದೇವಿ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದರು. ಸರೋಜಾದೇವಿ ಎಂಜಿಆರ್ ಜೊತೆಗೂ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಕಿಯಾಗಿದ್ದವರು. ಆದರೂ ರಾಜಕೀಯ ನಾಯಕಿ ಅವರಾಗಲಿಲ್ಲ. ರಾಣಿಯ ಪಾತ್ರವೂ ಎಂಜಿಆರ್ ಜೋಡಿಯೆಂಬ ಖ್ಯಾತಿಯೂ ಒಬ್ಬರಲ್ಲೇ ಕೂಡಿದ್ದವು, ಅಧಿಕಾರ ಮಾತ್ರ ಅತ್ತ ಸುಳಿಯಲಿಲ್ಲ. ಅವರಿಗೆ ಬೇಕಿರಲಿಲ್ಲ ಎನ್ನಬಹುದು, ಒಪ್ಪುತ್ತೇನೆ. ನಾನು ಹೇಳುತ್ತಿರುವುದೂ ಅದನ್ನೇ: ಬೇಕು ಎನ್ನುವುದು, ಬೇಕೆಂದದ್ದಕ್ಕೆ ದುಡಿಯುವುದು ಸಿನಿಮಾದ ಹೊರಗಿನ ವ್ಯವಹಾರ.

ಇತಿಹಾಸದಲ್ಲಿ ಪ್ರಯೋಗಶಾಲೆ ಇರುವುದಿಲ್ಲ. ಆದರೆ 1989ರ ತಮಿಳುನಾಡು ವಿಧಾನಸಭಾ ಚುನಾವಣೆ ಪ್ರಯೋಗಶಾಲೆಗೆ ಬಹಳ ಹತ್ತಿರ ಬರುತ್ತದೆ. 1987ರ ಡಿಸೆಂಬರ್ 24ರಂದು ಎಂಜಿಆರ್ ತೀರಿಕೊಂಡರು. ಅವರು ಕಟ್ಟಿದ ಪಕ್ಷ ಇಬ್ಭಾಗವಾಯಿತು. ಒಂದು ಬಣಕ್ಕೆ ಅವರ ಪತ್ನಿ ವಿ.ಎನ್. ಜಾನಕಿ, ಇನ್ನೊಂದಕ್ಕೆ ಜಯಲಲಿತಾ. ಇಬ್ಬರೂ ನಟಿಯರು, ಇಬ್ಬರೂ ಎಂಜಿಆರ್‌ಗೆ ನಾಯಕಿಯರಾಗಿದ್ದವರು. ಜಾನಕಿಯವರ ಕೈಯಲ್ಲಿ ಇನ್ನೂ ಹೆಚ್ಚಿನದಿತ್ತು: ಮದುವೆಯ ಹಕ್ಕು, ವೈಧವ್ಯದ ಅನುಕಂಪ, ಹಿರಿಯ ಮಂತ್ರಿಗಳ ಬೆಂಬಲ, ಕೆಲವು ವಾರಗಳ ಮುಖ್ಯಮಂತ್ರಿ ಪದವಿ. ಅವರ ಜೊತೆಗೆ ಮೈತ್ರಿ ಮಾಡಿಕೊಂಡದ್ದು ಯಾರು? ಶಿವಾಜಿ ಗಣೇಶನ್, ತಮಿಳು ತೆರೆ ಕಂಡ ಅತಿದೊಡ್ಡ ನಟ, ತಮ್ಮದೇ ಹೊಸ ಪಕ್ಷದೊಂದಿಗೆ. ಸಿನಿಮಾದ ತೂಕವೇ ಓಟಾಗುವುದಾದರೆ ತಕ್ಕಡಿ ಜಾನಕಿಯವರ ಕಡೆಗೆ ನೆಲಕ್ಕೆ ತಾಗಬೇಕಿತ್ತು. ಆದದ್ದು ಬೇರೆ. ಜೋಡಿ ಪಾರಿವಾಳದ ಚಿಹ್ನೆಯ ಜಾನಕಿ ಬಣಕ್ಕೆ ಶೇ 9ರಷ್ಟು ಮತ, 2 ಸ್ಥಾನ. ಆಂಡಿಪಟ್ಟಿಯಲ್ಲಿ ಜಾನಕಿ ಸೋತರು, ತಿರುವೈಯಾರಿನಲ್ಲಿ ಶಿವಾಜಿ ಸೋತರು. ಹುಂಜದ ಚಿಹ್ನೆಯ ಜಯಲಲಿತಾ ಬಣಕ್ಕೆ ಶೇ 21ರಷ್ಟು ಮತ, 27 ಸ್ಥಾನ. ಚುನಾವಣೆ ಗೆದ್ದದ್ದು ಡಿಎಂಕೆ, ನಿಜ. ಆದರೆ ಎಂಜಿಆರ್ ವಾರಸುದಾರಿಕೆಯ ದಾವೆ ಅಲ್ಲಿಗೆ ತೀರ್ಮಾನವಾಯಿತು. ಜಾನಕಿ ಗೌರವದಿಂದ ಹಿಂದೆ ಸರಿದರು, ಬಣಗಳು ಒಂದಾದವು, ಒಡಕಿನಲ್ಲಿ ಸ್ಥಗಿತಗೊಂಡಿದ್ದ ಪಕ್ಷದ ಚಿಹ್ನೆ ‘ಎರಡೆಲೆ’ ಮರಳಿ ಬಂತು.

ಏನು ವ್ಯತ್ಯಾಸ? ಎಂಜಿಆರ್ ಸಾವಿಗೆ ಮುಂಚಿನ ಐದು ವರ್ಷಗಳ ದುಡಿಮೆ. 1982ರಲ್ಲಿ ಪಕ್ಷ ಸೇರಿದ ಜಯಲಲಿತಾ ಅದೇ ವರ್ಷ ಕಡಲೂರಿನ ಸಮಾವೇಶದಲ್ಲಿ ಹೆಣ್ಣಿನ ಹಿರಿಮೆಯ ಬಗ್ಗೆ ಮಾತಾಡಿದರು. 1983ರಲ್ಲಿ ಪ್ರಚಾರ ಕಾರ್ಯದರ್ಶಿಯಾದರು, ತಿರುಚೆಂದೂರಿನ ಉಪಚುನಾವಣೆಯಲ್ಲಿ ಊರೂರು ಸುತ್ತಿದರು. 1984ರಲ್ಲಿ ಎಂಜಿಆರ್ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದಾಗ ಪ್ರಚಾರದಲ್ಲಿ ಜನರೆದುರು ನಿಂತ ಮುಖಗಳಲ್ಲಿ ಇವರದೂ ಒಂದು. ರಾಜ್ಯಸಭೆಯಲ್ಲಿ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡಿದರು. ಜಿಲ್ಲಾ ಮಟ್ಟದ ಕಾರ್ಯಕರ್ತನಿಗೆ ಜಾನಕಿ ಎಂದರೆ ರಾಮಾಪುರದ ತೋಟದ ಮನೆಯ ಯಜಮಾನಿ. ಜಯಲಲಿತಾ ಎಂದರೆ ತನ್ನ ಊರಿನ ವೇದಿಕೆಗೆ ಬಂದುಹೋದ ಭಾಷಣಕಾರ್ತಿ. ಗ್ಲಾಮರ್ ಜನರನ್ನು ಸಭೆಗೆ ಕರೆತಂದಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಭೆಗೆ ಬಂದವರು ಓಟು ಹಾಕಿಯೇ ತೀರುತ್ತಾರೆಂದು ನಂಬಿದವರ ಠೇವಣಿಗಳ ಕಥೆ ಎಲ್ಲ ರಾಜ್ಯಗಳಲ್ಲೂ ಇದೆ.

ಇಷ್ಟಾದರೂ ಸಾಲ ಉಳಿದೇ ಇತ್ತು. ಏಕೆಂದರೆ ನಾಯಿಕೆಯ ಬಿಂಬ ಎದುರಾಳಿಗಳ ಕೈಯಲ್ಲಿ ಆಯುಧ. ರಾಜಾಜಿ ಹಾಲಿನಲ್ಲಿ ಎಂಜಿಆರ್ ಪಾರ್ಥಿವ ಶರೀರದ ತಲೆದೆಸೆಯಲ್ಲಿ ಜಯಲಲಿತಾ ಗಂಟೆಗಟ್ಟಲೆ ಕದಲದೆ ನಿಂತರು. ಅಂತ್ಯಯಾತ್ರೆಯ ಬಂಡಿ ಏರಲು ಹೋದಾಗ ಅವರನ್ನು ಕೆಳಕ್ಕೆ ನೂಕಲಾಯಿತು. ಆ ನೂಕಾಟದಲ್ಲಿದ್ದ ಪ್ರಶ್ನೆ ಒಂದೇ: ನೀನು ಅವರಿಗೆ ಏನಾಗಬೇಕು? ದಕ್ಷಿಣ ಏಷ್ಯಾದ ಬೇರೆ ನಾಯಕಿಯರಿಗೆ ಈ ಪ್ರಶ್ನೆಗೆ ಉತ್ತರವಿತ್ತು. ಇಂದಿರಾ ಮಗಳು, ಬೆನಜೀರ್ ಮಗಳು, ಸಿರಿಮಾವೋ ಹೆಂಡತಿ. ಜಯಲಲಿತಾ ಬಳಿ ಸಂಬಂಧವಾಚಕವೇ ಇರಲಿಲ್ಲ. 1989ರ ಮಾರ್ಚ್ 25ರಂದು ವಿಧಾನಸಭೆಯಲ್ಲಿ ಗದ್ದಲ ಕೈಕೈ ಮಿಲಾಯಿಸುವಷ್ಟಕ್ಕೆ ಹೋಯಿತು. ತಮ್ಮ ಸೀರೆ ಎಳೆದರೆಂದು ವಿರೋಧಪಕ್ಷದ ನಾಯಕಿಯಾಗಿದ್ದ ಅವರು ಆರೋಪಿಸಿದರು. ಡಿಎಂಕೆ ಅದನ್ನು ಇಂದಿಗೂ ನಿರಾಕರಿಸುತ್ತದೆ. ಮುಖ್ಯಮಂತ್ರಿಯಾಗಿ ಮಾತ್ರ ಈ ಸದನಕ್ಕೆ ಮರಳುತ್ತೇನೆಂದು ಶಪಥ ಮಾಡಿ ಹೊರಟರು. ದ್ರೌಪದಿಯ ಕಥೆ ಗೊತ್ತಿರುವ ನಾಡಿಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ನನ್ನ ಲೆಕ್ಕದಲ್ಲಿ ಅವರ ಬಿಂಬ ನಾಯಿಕೆಯಿಂದ ಕಳಚಿಕೊಳ್ಳಲು ಶುರುವಾದದ್ದು ಅಂದು. 1991ರ ಜೂನ್ 24ರಂದು ಅವರು ಮುಖ್ಯಮಂತ್ರಿಯಾದರು. ರಾಜೀವ್ ಗಾಂಧಿ ಹತ್ಯೆಯ ಅಲೆ ಆ ಗೆಲುವಿಗೆ ದೊಡ್ಡ ಕಾರಣವೆಂಬುದನ್ನು ಮುಚ್ಚಿಡಬೇಕಿಲ್ಲ.

ಇಲ್ಲಿ ದ್ರಾವಿಡ ರಾಜಕೀಯದ ಒಂದು ವಿಶೇಷ ಅವರ ನೆರವಿಗೆ ಬಂತು. ಆ ರಾಜಕೀಯ ಮೊದಲಿನಿಂದಲೂ ಒಂದು ಮನೆಯಂತೆ ಮಾತಾಡಿಕೊಂಡು ಬಂದಿದೆ. ಅಣ್ಣಾದುರೈ ಎಲ್ಲರಿಗೂ ‘ಅಣ್ಣಾ’. ಕರುಣಾನಿಧಿ ಕಾರ್ಯಕರ್ತರನ್ನು ‘ಉಡನ್‌ಪಿರಪ್ಪೇ’, ಒಡಹುಟ್ಟೇ, ಎಂದು ಕರೆದರು. ಭಾಷೆಯೇ ಅಲ್ಲಿ ತಮಿಳ್‌ತ್ತಾಯ್ ಎಂಬ ತಾಯಿ. ಅಣ್ಣನಿದ್ದ, ತಮ್ಮನಿದ್ದ, ಮೇಷ್ಟ್ರಿದ್ದ ಮನೆಯಲ್ಲಿ ಜೀವಂತ ತಾಯಿಯ ಜಾಗ ಖಾಲಿ ಇತ್ತು. ಪಕ್ಷ ಕೊಟ್ಟ ಬಿರುದು ‘ಪುರಚ್ಚಿ ತಲೈವಿ’, ಕ್ರಾಂತಿಕಾರಿ ನಾಯಕಿ. ಅದು ಎಂಜಿಆರ್ ಬಿರುದಿನ ಸ್ತ್ರೀಲಿಂಗ ರೂಪ ಅಷ್ಟೆ. ನಿಂತದ್ದು ‘ಅಮ್ಮ’. ಮದುವೆಯಾಗದ, ಹೆತ್ತಿಲ್ಲದ, ನಾಲ್ವತ್ತರ ಆಸುಪಾಸಿನ ಹೆಂಗಸಿಗೆ ಅಪ್ಪನ ವಯಸ್ಸಿನ ಮಂತ್ರಿಗಳು ಅಮ್ಮ ಎಂದರು. ‘ಅಡಿಮೈ ಪೆಣ್’ ಚಿತ್ರದಲ್ಲಿ ನಾಯಕ ತಲೆಬಾಗಿದ ಒಂದೇ ಒಂದು ಜಾಗಕ್ಕೆ ನಾಯಕಿ ನಡೆದು ಬಂದಿದ್ದರು.

ಹೆಸರಷ್ಟರಿಂದಲೇ ಬಿಂಬ ಅಳಿಯುವುದಿಲ್ಲ, ಮೈಯಿಂದಲೂ ಅಳಿಸಬೇಕಿತ್ತು. ಮೊದಲ ಅವಧಿಯಲ್ಲಿ ಅವರು ಸೀರೆಯ ಮೇಲೆ ಭುಜದಿಂದ ಇಳಿಬೀಳುವ ಮೇಲಂಗಿ ಹೊದೆಯುತ್ತಿದ್ದರು. ಕ್ಯಾಮೆರಾ ಹುಡುಕಿದ ಮೈಯನ್ನು ಅದು ಒಂದು ಚೌಕವನ್ನಾಗಿ, ಹೆಚ್ಚುಕಡಿಮೆ ಉತ್ಸವಮೂರ್ತಿಯನ್ನಾಗಿ ಮಾಡಿತು. 1996ರ ಸೋಲು ಮತ್ತು ಬಂಧನದ ನಂತರ ಒಡವೆಗಳನ್ನೂ ಬಿಟ್ಟು ವರ್ಷಗಟ್ಟಲೆ ಬೋಳು ಕೊರಳಿನಲ್ಲೇ ಕಾಣಿಸಿಕೊಂಡರು. ಆಡಳಿತದಲ್ಲೂ ತಾಯಿಯ ಭಾಷೆಯೇ ಬಂತು. 1992ರಲ್ಲಿ ಹೆಣ್ಣು ಶಿಶುಹತ್ಯೆ ತಡೆಯಲು ತೊಟ್ಟಿಲು ಯೋಜನೆ: ಬೇಡವಾದ ಮಗುವನ್ನು ಕೊಲ್ಲಬೇಡಿ, ಸರ್ಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಿ. ಅದೇ ವರ್ಷ ಮಹಿಳಾ ಪೊಲೀಸ್ ಠಾಣೆಗಳು. 2013ರಲ್ಲಿ ‘ಅಮ್ಮ ಉಣವಗಂ’. ಒಂದು ರೂಪಾಯಿಗೆ ಒಂದು ಇಡ್ಲಿ, ಐದಕ್ಕೆ ಸಾಂಬಾರನ್ನ, ಮೂರಕ್ಕೆ ಮೊಸರನ್ನ. ಅಡುಗೆ ಮಾಡಿ ಬಡಿಸುವವರು ಸ್ವಸಹಾಯ ಸಂಘದ ಹೆಂಗಸರು. ನಾಲ್ಕು ವರ್ಷದ ನಂತರ ಬೆಂಗಳೂರಿನಲ್ಲಿ ಬಾಗಿಲು ತೆರೆದ ಇಂದಿರಾ ಕ್ಯಾಂಟೀನಿಗೆ ಮಾದರಿ ಅದೇ. ನಾವು ಹೆಸರು ಬದಲಿಸಿದೆವು, ಹೆಸರಿನ ಲಿಂಗ ಬದಲಿಸಲಿಲ್ಲ. ಆಮೇಲೆ ಅಮ್ಮ ನೀರು, ಅಮ್ಮ ಉಪ್ಪು, ಅಮ್ಮ ಸಿಮೆಂಟು. 2015ರ ಚೆನ್ನೈ ಪ್ರವಾಹದಲ್ಲಿ ಬೇರೆಯವರು ತಂದ ಪರಿಹಾರದ ಮೂಟೆಗಳಿಗೂ ಅಮ್ಮನ ಸ್ಟಿಕರು ಅಂಟಿಸಿದರೆಂಬ ದೂರು ಬಂದಾಗ ಈ ತಾಯ್ತನ ನಗೆಪಾಟಲಿಗೂ ಈಡಾಯಿತು.

ಈಗ ನನ್ನ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ. ‘ಅಮ್ಮ’ ಎಂಬುದೂ ಒಂದು ಪಾತ್ರವೇ ಅಲ್ಲವೇ? ಮೇಲಂಗಿ ವೇಷ, ಕಟೌಟು ಸೆಟ್ಟು, ಕಾಲಿಗೆರಗುವ ಮಂತ್ರಿಗಳು ಸಹಕಲಾವಿದರು; ಹಾಗಾದರೆ ಸಿನಿಮಾ ಎಲ್ಲಿ ಬಿಟ್ಟುಹೋಯಿತು? ಚತುರವಾದ ಮಾತು. ಆದರೆ ಇದು ಪ್ರೇಕ್ಷಕನ ಪಾತ್ರವನ್ನು ಮರೆಯುತ್ತದೆ. ಅಭಿಮಾನಿ ತನ್ನ ನಟನ ಸೋತ ಚಿತ್ರವನ್ನೂ ಮೂರು ಸಲ ನೋಡುತ್ತಾನೆ. ತಮಿಳುನಾಡಿನ ಮತದಾರ ಹಾಗೆ ನಡೆದುಕೊಳ್ಳಲಿಲ್ಲ. 1995ರ ಸೆಪ್ಟೆಂಬರಿನಲ್ಲಿ ನಡೆದ ದತ್ತುಪುತ್ರನ ಅದ್ದೂರಿ ಮದುವೆಯನ್ನು ಕಣ್ತುಂಬ ನೋಡಿದ ಅದೇ ಜನ ಮರುವರ್ಷ ಪಕ್ಷವನ್ನು 4 ಸ್ಥಾನಕ್ಕೆ ಇಳಿಸಿ, ಬರ್ಗೂರಿನಲ್ಲಿ ಅವರನ್ನೇ ಸೋಲಿಸಿದರು. 2003ರಲ್ಲಿ ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಒಂದೇ ಏಟಿಗೆ ವಜಾ ಮಾಡಿದ ಅವರ ಮುಂದಿನ ಸರ್ಕಾರಕ್ಕೆ 2004ರ ಲೋಕಸಭೆಯಲ್ಲಿ ಸಿಕ್ಕಿದ್ದು ಸೊನ್ನೆ. ಅದಾದ ಮೇಲೆ ಅವರು ಕಠಿಣ ಆದೇಶಗಳನ್ನು ಒಂದೊಂದಾಗಿ ಹಿಂತೆಗೆದುಕೊಂಡರು. 2014ರಲ್ಲಿ ಯಾರ ದೊಡ್ಡ ಮೈತ್ರಿಯೂ ಇಲ್ಲದೆ 39ರಲ್ಲಿ 37 ಗೆದ್ದರು. ಜನ ಅಮ್ಮನನ್ನು ಅಳೆದದ್ದು ಬಡಿಸಿದ ತಟ್ಟೆ ನೋಡಿ.

ಇನ್ನೊಂದು ಆಕ್ಷೇಪಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ತಾಯಿ ಕೊಡುತ್ತಾಳೆ, ಅಧಿಕಾರ ಹಂಚುವುದಿಲ್ಲ. ಪ್ರಜೆ ಮಗುವಾದರೆ ಕೇಳುವ ಹಕ್ಕು ಹಠವಾಗುತ್ತದೆ, ಅನ್ನದ ಹಕ್ಕು ಕೃಪೆಯಾಗುತ್ತದೆ. ಸ್ತ್ರೀವಾದಿಗಳು ಹೇಳುವ ಈ ಮಾತು ನಿಜ. ಅಮ್ಮನ ಪಕ್ಷದಲ್ಲಿ ಎರಡನೆಯ ಹೆಣ್ಣು ನಾಯಕಿ ಜನರ ನಡುವಿನಿಂದ ಬೆಳೆಯಲಿಲ್ಲ. ಎರಡನೆಯ ಗಂಡೂ ಬೆಳೆಯಲಿಲ್ಲ. 2016ರ ಡಿಸೆಂಬರ್ 5ರಂದು ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ ಪಕ್ಷ ಒಡೆದು, ಎರಡೆಲೆ ಚಿಹ್ನೆ ಮತ್ತೆ ತಾತ್ಕಾಲಿಕವಾಗಿ ಸ್ಥಗಿತಗೊಂಡಿತು. ಆದರೆ ಹೀಗೂ ಕೇಳಬೇಕು: ಬೇರೆ ಯಾವ ಹೆಸರು ಅವರಿಗೆ ತೆರೆದಿತ್ತು? ಎಂಜಿಆರ್ ‘ವಾದ್ಯಾರ್’ ಆಗಬಹುದಿತ್ತು, ಅಣ್ಣನಾಗಬಹುದಿತ್ತು, ಬರೀ ತಲೈವರ್ ಆಗಿಯೇ ಉಳಿಯಬಹುದಿತ್ತು. ಒಂಟಿ ಹೆಣ್ಣಿಗೆ ನಾಡು ಬಿಟ್ಟುಕೊಟ್ಟ ಗೌರವದ ಕುರ್ಚಿ ಒಂದೇ. ಅದರಲ್ಲಿ ಕೂತದ್ದಕ್ಕೆ ಅವರನ್ನು ಟೀಕಿಸೋಣ, ಉಳಿದ ಕುರ್ಚಿಗಳು ಯಾಕಿರಲಿಲ್ಲ ಎಂದು ನಮ್ಮನ್ನೂ ಕೇಳಿಕೊಳ್ಳೋಣ.

ಸಾಲ ತೀರಲಿಲ್ಲ ಎಂದೆನಲ್ಲ, ಅದಕ್ಕೆ ಸಾಕ್ಷಿ ನಮ್ಮ ಬೆಂಗಳೂರಿನಲ್ಲೇ ಇತ್ತು. ಆದಾಯ ಮೀರಿದ ಆಸ್ತಿಯ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ನಾಲ್ಕು ವರ್ಷ ಸಜೆ, ನೂರು ಕೋಟಿ ದಂಡ ವಿಧಿಸಿದರು. ಹೈಕೋರ್ಟ್ 2015ರಲ್ಲಿ ಖುಲಾಸೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದು ಮಾಡುವ ಹೊತ್ತಿಗೆ ಅವರು ಮರೀನಾ ತೀರದಲ್ಲಿ ಎಂಜಿಆರ್ ಸಮಾಧಿಯ ಪಕ್ಕ ಮಣ್ಣಾಗಿದ್ದರು. ಭ್ರಷ್ಟಾಚಾರ ಸಣ್ಣದೆಂದು ನಾನು ಹೇಳುತ್ತಿಲ್ಲ. ಜನ ಅದರಲ್ಲಿ ಯಾವುದನ್ನು ನೆನಪಿಟ್ಟುಕೊಂಡರು ಎಂಬುದನ್ನು ನೋಡಿ. ಆ ಪ್ರಕರಣದ ತಿರುಳು ಭೂಮಿ, ಕಂಪನಿ, ಬ್ಯಾಂಕ್ ಖಾತೆ. ಗಂಡು ರಾಜಕಾರಣಿಯ ಮೊಕದ್ದಮೆಯಲ್ಲೂ ಇರುವಂಥವೇ. ಆದರೆ ಕನ್ನಡಿಗನಿಗಾಗಲಿ ತಮಿಳನಿಗಾಗಲಿ ಬಾಯಿಪಾಠವಾಗಿರುವುದು ಅವರ ಪೋಯಸ್ ಗಾರ್ಡನ್ ಮನೆಯಲ್ಲಿ ಸಿಕ್ಕವೆಂದು ವರದಿಯಾದ ಹತ್ತು ಸಾವಿರಕ್ಕೂ ಹೆಚ್ಚು ಸೀರೆ, 750 ಜೊತೆ ಚಪ್ಪಲಿ. ಯಾವ ಗಂಡು ಮುಖ್ಯಮಂತ್ರಿಯ ಪಂಚೆಗಳನ್ನು ನಾವು ಎಣಿಸಿದ್ದೇವೆ? ಮೇಲಂಗಿ ಹೊದ್ದು, ಒಡವೆ ಬಿಟ್ಟು, ಇಡ್ಲಿ ಬಡಿಸಿ ಅಳಿಸಲು ನೋಡಿದ ವಾಸಕಸಜ್ಜಿಕೆ ಆ ಪಂಚನಾಮೆಯ ಪಟ್ಟಿಯಲ್ಲಿ ಮತ್ತೆ ಎದ್ದು ಕೂತಳು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜಪ್ತಿಯಾದದ್ದನ್ನು ತಮಿಳುನಾಡು ಸರ್ಕಾರಕ್ಕೆ ಒಪ್ಪಿಸಿತು. ಅದರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಎಕರೆ ಜಮೀನಿನ ಕಾಗದಪತ್ರಗಳಿದ್ದವು. ಸುದ್ದಿಯ ತಲೆಬರಹ ಹಿಡಿದದ್ದು ಇಪ್ಪತ್ತೇಳು ಕಿಲೋ ಚಿನ್ನ.